ಒಂದೇ ಹಳ್ಳದ ಒಕ್ಕಲು

ಯಲ್ಲಾಪುರದ ಕಾಡಿನ ಜಂಬಿಟ್ಟಿಗೆ ಕಲ್ಲುಗಳ ಪೊಟರೆಯಲ್ಲಿ ಬಿಳಿ ಮತ್ತು ಕೆನ್ನೇರಳೆ ಬಣ್ಣದ ಏಡಿಯೊಂದು ಬದುಕುತ್ತದೆ. 2022ರವರೆಗೆ ವಿಜ್ಞಾನದ ಕಡತದಲ್ಲಿ ಅದಕ್ಕೆ ಹೆಸರಿರಲಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಮತ್ತು ಅಲ್ಲಿನ ನಿಸರ್ಗಾಸಕ್ತರೊಬ್ಬರು ಅದನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ಸಮೀರ್ ಕುಮಾರ್ ಪತಿ ಅವರ ಗಮನಕ್ಕೆ ತಂದರು. ಮೂವರೂ ಸೇರಿ ಬರೆದ ಪ್ರಬಂಧದಲ್ಲಿ ಅದು ‘ಘಾಟಿಯಾನ ದ್ವಿವರ್ಣ’ ಎಂಬ ಹೆಸರು ಪಡೆಯಿತು.

ಘಾಟಿಯಾನ ಎಂಬ ಕುಲವೇ ಹೊಸದು. ಅದನ್ನು ಪ್ರತ್ಯೇಕ ಕುಲವೆಂದು ಗುರುತಿಸಿದ್ದು 2014ರಲ್ಲಿ. ನಾಲ್ಕೇ ವರ್ಷಗಳ ನಂತರ, 2018ರಲ್ಲಿ, ಪತಿ ಮತ್ತು ಸಂಶೋಧಕ ತೇಜಸ್ ಠಾಕ್ರೆ ಪಶ್ಚಿಮಘಟ್ಟದ ಏಡಿಗಳ ಬಗ್ಗೆ ಬರೆದ ಒಂದೇ ಪ್ರಬಂಧದಲ್ಲಿ 11 ಹೊಸ ಪ್ರಭೇದಗಳಿದ್ದವು. ಹುಲಿ, ಆನೆ, ಹಕ್ಕಿ, ಚಿಟ್ಟೆಗಳನ್ನು ಶತಮಾನದಿಂದ ಎಣಿಸುತ್ತ ಬಂದಿರುವ ಬೆಟ್ಟಸಾಲಿನಲ್ಲಿ ಅಂಗೈಯಗಲದ, ಕಣ್ಣು ಕುಕ್ಕುವ ಬಣ್ಣದ ಪ್ರಾಣಿಗಳು ಈಗಷ್ಟೇ ಹೆಸರು ಪಡೆಯುತ್ತಿವೆ. ಇವುಗಳಲ್ಲಿ ಎಷ್ಟೋ ಪ್ರಭೇದಗಳು ಒಂದು ಗುಡ್ಡ, ಒಂದು ಹಳ್ಳ, ಒಂದು ಊರಿನ ಸುತ್ತಮುತ್ತ ಬಿಟ್ಟರೆ ಬೇರೆಡೆ ದಾಖಲಾಗಿಲ್ಲ. ಪಕ್ಕದ ಕಣಿವೆಗೆ ಹೋದರೆ ಅಲ್ಲಿ ಬೇರೆ ಏಡಿ.

ಹೀಗೇಕೆ ಎಂಬುದಕ್ಕೆ ಉತ್ತರ ತಾಯಿ ಏಡಿಯ ಹೊಟ್ಟೆಯ ಅಡಿಯಲ್ಲಿದೆ.

ಅಳಿವೆಯ ಕೆಸರಿನಲ್ಲಿ ಸಿಗುವ ದೊಡ್ಡ ಏಡಿ ಒಂದು ಸಲಕ್ಕೆ ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬರುವುದು ಏಡಿಯಲ್ಲ, ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಲಾರ್ವ. ಅದು ಸಮುದ್ರದಲ್ಲಿ ತೇಲುತ್ತ, ಹಲವು ಬಾರಿ ಪೊರೆ ಕಳಚುತ್ತ, ಪ್ರವಾಹ ಒಯ್ದಲ್ಲಿಗೆ ಹೋಗಿ ಕೊನೆಗೆ ಏಡಿಯ ರೂಪ ತಾಳುತ್ತದೆ. ಬಹುಪಾಲು ಸಾಯುತ್ತವೆ, ಬದುಕಿದವು ನೂರಾರು ಮೈಲಿ ದೂರದ ದಡ ಸೇರಬಲ್ಲವು. ಅದಕ್ಕೇ ಕಡಲ ಏಡಿಗಳ ವ್ಯಾಪ್ತಿ ದೊಡ್ಡದು.

ಬೆಟ್ಟದ ಹಳ್ಳದ ಏಡಿಗೆ ಆ ಐಷಾರಾಮವಿಲ್ಲ. ಹರಿಯುವ ನೀರಿಗೆ ಲಾರ್ವ ಬಿಟ್ಟರೆ ಅದು ಕೊಚ್ಚಿಹೋಗಿ ಉಪ್ಪುನೀರು ಸೇರುತ್ತದೆ. ಆದ್ದರಿಂದ ವಿಕಾಸದ ಹಾದಿಯಲ್ಲಿ ಸಿಹಿನೀರಿನ ಏಡಿಗಳು ಲಾರ್ವ ಹಂತವನ್ನೇ ಕೈಬಿಟ್ಟವು. ತಾಯಿ ಇಡುವ ಮೊಟ್ಟೆಗಳು ಕಡಿಮೆ, ಆದರೆ ಗಾತ್ರದಲ್ಲಿ ದೊಡ್ಡವು, ಒಳಗೆ ಹಳದಿ ಲೋಳೆ ತುಂಬಿರುವಂಥವು. ಅವನ್ನು ಹೊಟ್ಟೆಯಡಿಯ ಮಡಿಕೆಯಲ್ಲಿ ಅವಚಿಕೊಂಡು ತಾಯಿ ಬಿಲದಲ್ಲೋ ಬಂಡೆಯ ಸಂದಿನಲ್ಲೋ ಕೂರುತ್ತದೆ. ಮೊಟ್ಟೆಯೊಡೆದಾಗ ಹೊರಬರುವುದು ಎಂಟು ಕಾಲು, ಎರಡು ಕೊಂಡಿಗಳಿರುವ ಪುಟಾಣಿ ಏಡಿ. ಅಷ್ಟಾದರೂ ಮರಿಗಳು ಕೆಲಕಾಲ ತಾಯಿಯ ಮಡಿಕೆಯನ್ನು ಬಿಡುವುದಿಲ್ಲ. ಆಮೇಲೆ ಕೆಳಗಿಳಿದು ಅದೇ ಹಳ್ಳದ ಅದೇ ಕಲ್ಲುಗಳ ನಡುವೆ ಬಾಳು ಹೂಡುತ್ತವೆ.

ಇಷ್ಟು ಮುತುವರ್ಜಿಯ ತಾಯ್ತನಕ್ಕೆ ತೆರಬೇಕಾದ ಬೆಲೆ, ಹುಟ್ಟಿದಲ್ಲೇ ಉಳಿಯುವುದು. ನಡುವೆ ಒಂದು ಒಣ ದಿಬ್ಬ ಅಡ್ಡ ಬಂದರೂ ಸಾಕು, ಸಾವಿರಾರು ತಲೆಮಾರು ಆಚೀಚೆಯ ಏಡಿಗಳು ಕೂಡುವುದಿಲ್ಲ. ಕೂಡದವು ಬೇರೆಯಾಗುತ್ತ ಹೋಗುತ್ತವೆ. ಪಶ್ಚಿಮಘಟ್ಟದಂಥ ಕಡಿದಾದ, ಮಡಿಕೆ ಮಡಿಕೆಯಾದ, ಹೆಜ್ಜೆಗೊಂದು ತೊರೆಯಿರುವ ನೆಲದಲ್ಲಿ ಪ್ರಭೇದಗಳು ಇಷ್ಟೊಂದು ಹೆಚ್ಚಲು ಇದೇ ಕಾರಣ.

ಹಳ್ಳದಲ್ಲೇ ಇರುವ ಸಿಗಡಿಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟ. ನಮ್ಮ ನದಿಗಳ ದೊಡ್ಡ ಸಿಗಡಿ, ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ, ಬೆಳೆಯುವುದು ಸಿಹಿನೀರಿನಲ್ಲಿ. ಅದರ ಮರಿಗಳಿಗೆ ಮಾತ್ರ ಮೊದಲ ದಿನಗಳಲ್ಲಿ ಸವುಳು ನೀರು ಬೇಕೇಬೇಕು. ಮೊಟ್ಟೆ ಹೊತ್ತ ಹೆಣ್ಣು ಅಳಿವೆಯ ಕಡೆ ಇಳಿಯುತ್ತದೆ, ಬೆಳೆದ ಮರಿಗಳು ಮತ್ತೆ ಮೇಲಕ್ಕೆ ಹತ್ತುತ್ತವೆ. ಸಮುದ್ರದ ಸಂಪರ್ಕ ಉಳಿಸಿಕೊಂಡಿರುವುದರಿಂದ ಒಂದು ನದಿಯಿಂದ ಇನ್ನೊಂದಕ್ಕೆ ಹಬ್ಬುವುದು ಅದಕ್ಕೆ ಸಾಧ್ಯ. ಆದರೆ ನದಿಗೆ ಅಡ್ಡಲಾಗಿ ಅಣೆಕಟ್ಟೆ ಎದ್ದರೆ ಅದರ ದಾರಿ ಮುಚ್ಚಿತು. ಏಡಿಗೆ ಆ ಪಯಣದ ಹಂಗಿಲ್ಲ. ಅಣೆಕಟ್ಟೆಯ ಗೋಡೆ ಅದನ್ನು ಅಷ್ಟಾಗಿ ಕಾಡುವುದಿಲ್ಲ, ಹಿನ್ನೀರಿನಲ್ಲಿ ಅದರ ತೊರೆಯೇ ಮುಳುಗಿದರೆ ಮಾತ್ರ ಎಲ್ಲವೂ ಮುಗಿಯುತ್ತದೆ. ಎರಡೂ ಚಿಪ್ಪುಜೀವಿಗಳೇ, ಒಂದೇ ನೀರಿನವೇ. ಉಳಿಸಲು ಬೇಕಾದ ಉಪಾಯಗಳು ಬೇರೆ ಬೇರೆ. ಸಿಗಡಿಗೆ ಬೆಟ್ಟದಿಂದ ಕಡಲಿನವರೆಗೆ ತೆರೆದ ದಾರಿ ಬೇಕು. ಏಡಿಗೆ ಒಂದು ಹಳ್ಳ, ಅದರ ತಲೆಯಲ್ಲಿ ಕಾಡು, ಅಷ್ಟೇ ಸಾಕು.

ಸಮುದ್ರ ದಾಟಲಾಗದ ಏಡಿಯ ಈ ಅಶಕ್ತತೆ ಭೂವಿಜ್ಞಾನಿಗಳಿಗೂ ಉಪಯೋಗಕ್ಕೆ ಬಂದಿದೆ. ನಮ್ಮ ಘಟ್ಟದ ಏಡಿಗಳಲ್ಲಿ ಬಹುತೇಕ ಸೇರುವುದು ಗೆಕಾರ್ಸಿನ್ಯುಸಿಡೆ ಎಂಬ ಕುಟುಂಬಕ್ಕೆ. ಇದರ ಬಂಧುಗಳು ಆಗ್ನೇಯ ಏಷ್ಯಾದಲ್ಲೂ ಇವೆ. ಸೆಬಾಸ್ಟಿಯನ್ ಕ್ಲೌಸ್ ಮತ್ತು ಸಂಗಡಿಗರು ಎರಡೂ ಕಡೆಯ ಏಡಿಗಳ ಡಿಎನ್‌ಎ ಹೋಲಿಸಿ 2010ರಲ್ಲಿ ಒಂದು ತೀರ್ಮಾನ ಮುಂದಿಟ್ಟರು. ತೇಲುತ್ತ ಬರುತ್ತಿದ್ದ ಭಾರತದ ಭೂಫಲಕ ಏಷ್ಯಾಕ್ಕೆ ಪೂರ್ತಿ ಬೆಸೆಯುವ ಮೊದಲೇ, ಇಯೋಸೀನ್ ಯುಗದಲ್ಲಿ, ಆಗ್ನೇಯ ಏಷ್ಯಾದ ನೆಲಕ್ಕೆ ಹತ್ತಿರ ಬಂದಿರಬೇಕು. ಏಡಿಗಳ ಪೂರ್ವಜರು ಆಗಲೇ ಈ ಕಡೆ ದಾಟಿರಬೇಕು ಎಂಬುದು ಅವರ ವಾದ. ಹಿಮಾಲಯ ಇಂದಿನ ಎತ್ತರಕ್ಕೆ ಏಳುವ ಮೊದಲೇ ಈ ವಂಶ ಇಲ್ಲಿ ನೆಲೆ ಕಂಡಿತ್ತು ಎಂದಾಯಿತು. ಕುಟುಂಬಕ್ಕೆ ಹೆಸರು ಬಂದದ್ದು ಗೆಕಾರ್ಸಿನ್ಯುಕಸ್ ಎಂಬ ಕುಲದಿಂದ. ಫ್ರಾನ್ಸಿನಿಂದ ಬಂದು ಭಾರತವನ್ನು ಸುತ್ತಿ 1832ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಸಸ್ಯಶಾಸ್ತ್ರಜ್ಞ ವಿಕ್ಟರ್ ಜಾಕ್ಮಾಂಟ್ ಅವರ ನೆನಪಿಗೆ ಈ ಕುಲದ ಒಂದು ಪ್ರಭೇದವನ್ನು ಜಾಕ್ಮಾಂಟಿ ಎಂದು ಕರೆದರು.

ಹಾಗೆಂದು ನಾಡಿನ ಎಲ್ಲ ಏಡಿಗಳೂ ಒಂದೊಂದು ಹಳ್ಳಕ್ಕೆ ಅಂಟಿಕೊಂಡಿಲ್ಲ. ದಖ್ಖನ್ನಿನ ಬಯಲಿನಲ್ಲಿ, ಕೆರೆ, ಕಾಲುವೆ, ಗದ್ದೆಯ ಬದುಗಳಲ್ಲಿ ಬಿಲ ತೋಡುವ ಬ್ಯಾರಿಟೆಲ್ಫ್ಯೂಸಾ ಕ್ಯುನಿಕ್ಯುಲಾರಿಸ್ ವಿಶಾಲ ಪ್ರದೇಶದಲ್ಲಿ ಹಬ್ಬಿದೆ. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ ಅವರ ಸಂಗ್ರಹದಿಂದ ಅದು 1836ರಲ್ಲೇ ವಿಜ್ಞಾನಕ್ಕೆ ಪರಿಚಯವಾಗಿತ್ತು. ಬಯಲಿನ ನೀರು ಮಳೆಗಾಲದಲ್ಲಿ ಒಂದಕ್ಕೊಂದು ಸೇರಿಕೊಳ್ಳುತ್ತದೆ, ಏಡಿಯೂ ಅದರೊಡನೆ ಸಾಗುತ್ತದೆ. ಸಂತೆಯಲ್ಲಿ ಬುಟ್ಟಿಗಟ್ಟಲೆ ಮಾರಾಟವಾಗುವುದು ಸಾಮಾನ್ಯವಾಗಿ ಇಂಥ ಏಡಿಗಳೇ. ಎತ್ತರದ ತೊರೆಗಳ, ಜಂಬಿಟ್ಟಿಗೆ ಹಾಸುಗಳ ಏಡಿಗಳ ಕಥೆ ಬೇರೆ. ಇನ್ನೂ ವಿಚಿತ್ರವಾದ ನೆಲೆ ಹಿಡಿದವೂ ಇವೆ. ಕೇರಳದ ದಕ್ಷಿಣ ತುದಿಯ ಕಾಡಿನಲ್ಲಿ ದೊಡ್ಡ ಮರಗಳ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ ವಾಸಿಸುವ ಏಡಿಯನ್ನು 2017ರಲ್ಲಿ ‘ಕಾಣಿ ಮರಞಂಡು’ ಎಂದು ಹೆಸರಿಸಿದರು. ಕಾಣಿ ಬುಡಕಟ್ಟಿನವರಿಗೆ ಅದು ಮೊದಲಿಂದಲೂ ಗೊತ್ತಿತ್ತು. ವಿಜ್ಞಾನಿಗಳು ಆ ಜನರ ಹೆಸರನ್ನೂ ಅವರು ಏಡಿಯನ್ನು ಕರೆಯುತ್ತಿದ್ದ ಹೆಸರನ್ನೂ ಗೌರವದಿಂದ ಉಳಿಸಿಕೊಂಡರು. ಆ ಏಡಿಗೆ ಮುದಿಮರಗಳೇ ಕೆರೆ.

ತೊರೆಯ ಬದುಕಿನಲ್ಲಿ ಏಡಿ ಮಾಡುವ ಕೆಲಸ ಅಗಾಧ. ಕಾಡಿನ ನೆರಳಿರುವ ಹಳ್ಳದಲ್ಲಿ ಬಿಸಿಲು ಕಡಿಮೆ, ಪಾಚಿಯೂ ಕಡಿಮೆ. ಆ ನೀರಿನ ಮುಖ್ಯ ಆಹಾರ ಮೇಲಿಂದ ಬೀಳುವ ತರಗೆಲೆ. ಗಟ್ಟಿ ಎಲೆಯನ್ನು ಹರಿದು, ಚೂರು ಮಾಡಿ, ತಿಂದು ಹಿಕ್ಕೆ ಹಾಕಿ ಅದನ್ನು ಸಣ್ಣ ಕೀಟಗಳಿಗೆ, ಹುಳುಗಳಿಗೆ, ಅವುಗಳ ಮೂಲಕ ಮೀನುಗಳಿಗೆ ದಕ್ಕುವಂತೆ ಮಾಡುವವರಲ್ಲಿ ಏಡಿ ಪ್ರಮುಖ. ಸತ್ತ ಕಪ್ಪೆ, ಮೀನುಗಳನ್ನು ತಿಂದು ನೀರನ್ನು ಚೊಕ್ಕಟ ಮಾಡುವುದೂ ಅದೇ. ಅದನ್ನು ತಿನ್ನುವವರ ಪಟ್ಟಿಯೂ ಉದ್ದವಿದೆ: ಮೀನುಗೂಬೆ, ಬಕ, ಮಿಂಚುಳ್ಳಿ, ಮುಂಗುಸಿ. ಪಶ್ಚಿಮಘಟ್ಟದ ಮೇಲ್ತೊರೆಗಳಲ್ಲಿರುವ ಚಿಕ್ಕ ಉಗುರಿನ ನೀರುನಾಯಿಯಂತೂ ಏಡಿಯ ಮೇಲೇ ಬದುಕಿದೆ. ಬಂಡೆಯ ಮೇಲೆ ಅದು ಹಾಕಿಹೋದ ಹಿಕ್ಕೆಯನ್ನು ಕೆದಕಿದರೆ ಸಿಗುವುದು ಬಹುಪಾಲು ಏಡಿ ಚಿಪ್ಪಿನ ಚೂರುಗಳೇ. ನೀರುನಾಯಿಯ ರಕ್ಷಣೆಗೆ ಯೋಜನೆ ಮಾಡುವವರು ಮೊದಲು ಎಣಿಸಬೇಕಾದದ್ದು ಏಡಿಗಳನ್ನು ಎಂದು ನನಗೆ ಬಲವಾಗಿ ಅನಿಸುತ್ತದೆ.

ಜಗತ್ತಿನ ಸಿಹಿನೀರಿನ ಏಡಿಗಳ ಪರಿಸ್ಥಿತಿಯನ್ನು ನೀಲ್ ಕಂಬರ್‌ಲಿಜ್ ನೇತೃತ್ವದ ತಂಡ 2009ರಲ್ಲಿ ಮೊದಲ ಬಾರಿಗೆ ಒಟ್ಟಾಗಿ ಅಳೆಯಿತು. ಆಗ ಗೊತ್ತಿದ್ದ 1,280 ಪ್ರಭೇದಗಳಲ್ಲಿ ಸುಮಾರು ಆರರಲ್ಲಿ ಒಂದು ಅಪಾಯದಲ್ಲಿತ್ತು. ಇದಕ್ಕಿಂತ ಆತಂಕ ಹುಟ್ಟಿಸುವ ಸಂಗತಿ, ಹೆಚ್ಚುಕಡಿಮೆ ಅರ್ಧದಷ್ಟು ಪ್ರಭೇದಗಳ ಬಗ್ಗೆ ತೀರ್ಪು ಕೊಡಲು ಮಾಹಿತಿಯೇ ಇರಲಿಲ್ಲ. ನೆರೆಯ ಶ್ರೀಲಂಕಾದಲ್ಲಿ ಗೊತ್ತಿದ್ದ 51 ಪ್ರಭೇದಗಳಲ್ಲಿ 50 ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದವು; ಅವುಗಳಲ್ಲಿ ಹೆಚ್ಚಿನವು ಅಪಾಯದ ಪಟ್ಟಿಯಲ್ಲಿದ್ದವು. ಮಾಹಿತಿಯ ಕೊರತೆ ಹೇಗೆ ಬರುತ್ತದೆ ಎಂಬುದನ್ನು ತಿಳಿಯಲು ನಮ್ಮ ಹಳೆಯ ದಾಖಲೆಗಳನ್ನು ನೋಡಬೇಕು. ಆಲ್ಫ್ರೆಡ್ ಆಲ್ಕಾಕ್ 1910ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಸಂಗ್ರಹದ ಸಿಹಿನೀರಿನ ಏಡಿಗಳ ದೊಡ್ಡ ಪಟ್ಟಿಯನ್ನು ಹೊರತಂದರು. ಆ ಕಾಲದ ಸಂಗ್ರಹಗಳಲ್ಲಿ ಊರಿನ ಬದಲು ಸೀಮೆಯ ಹೆಸರಷ್ಟೇ ಇರುವುದು ಮಾಮೂಲು. ಒಂದೇ ಹಳ್ಳಕ್ಕೆ ಸೇರಿದ ಜೀವಿಗೆ ಸೀಮೆಯ ಹೆಸರು ಬರೆದಿಟ್ಟರೆ ಅದನ್ನು ಮತ್ತೆ ಹುಡುಕುವುದು ಹೇಗೆ? ಮೇಲಾಗಿ ಏಡಿಗಳನ್ನು ಖಚಿತವಾಗಿ ಗುರುತಿಸಲು ಗಂಡು ಏಡಿಯ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಬಣ್ಣ ನೋಡಿ ನಿರ್ಧರಿಸಿದರೆ ಮೋಸಹೋಗುತ್ತೇವೆ.

ಹೆಸರಿಡುವ ಕೆಲಸ ಕೊನೆಗೂ ವೇಗ ಪಡೆದಿದೆ. ಹಳ್ಳಗಳು ಕೆಡುವ ವೇಗ ಅದಕ್ಕಿಂತ ಹೆಚ್ಚು.

ಮೊದಲ ಪೆಟ್ಟು ಹೂಳಿನದು. ಏಡಿಯ ಮನೆ ಕಲ್ಲು ಕಲ್ಲಿನ ನಡುವಿನ ಸಂದು. ರಸ್ತೆ ಅಗಲೀಕರಣಕ್ಕೆ, ತೋಟಕ್ಕೆ, ರೆಸಾರ್ಟಿಗೆ ಜೆಸಿಬಿ ಇಳಿದು ಗುಡ್ಡ ಕಡಿದಾಗ ಸಡಿಲಗೊಂಡ ಮಣ್ಣು ಮೊದಲ ಮಳೆಗೇ ಹಳ್ಳಕ್ಕೆ ಬರುತ್ತದೆ, ಸಂದುಗಳೆಲ್ಲ ಮುಚ್ಚುತ್ತವೆ. ನೀರು ನೋಡಲು ಇದ್ದೇ ಇರುತ್ತದೆ. ಅದರೊಳಗೆ ಇರಲು ಜಾಗವಿಲ್ಲ. ತುಂಗಾ, ಭದ್ರಾ, ನೇತ್ರಾವತಿಗಳ ಮೂಲವಿರುವ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2005ರ ಕೊನೆಗೆ ನಿಂತಿತು. ಭದ್ರೆಗೆ ಹೂಳು ಹರಿಯುವುದನ್ನು ವರ್ಷಗಟ್ಟಲೆ ಎತ್ತಿ ತೋರಿಸಿದ ಜನರ ಹೋರಾಟ ಅದರ ಹಿಂದಿತ್ತು. ಅಂದು ಮಾತನಾಡಿದ್ದು ನದಿಯ ಬಗ್ಗೆ. ನದಿಗೆ ಮಣ್ಣು ಹೊತ್ತು ತಂದದ್ದು ಹೆಸರಿಲ್ಲದ ಸಣ್ಣ ತೊರೆಗಳು, ಮೊದಲು ಸತ್ತದ್ದೂ ಅವೇ.

ಎರಡನೆಯದು ನೀರಿನ ಕೊರತೆ. ಉತ್ತರ ಕನ್ನಡದ ಜಲಾನಯನಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು, ತಲೆಯಲ್ಲಿ ಸಹಜ ಕಾಡು ಉಳಿದಿರುವ ತೊರೆಗಳು ವರ್ಷವಿಡೀ ಹರಿಯುತ್ತವೆ, ಕಾಡು ಕೆಟ್ಟು ಒಂದೇ ಜಾತಿಯ ನೆಡುತೋಪು ಎದ್ದಲ್ಲಿ ತಿಂಗಳುಗಳ ಮೊದಲೇ ಬತ್ತುತ್ತವೆ ಎಂದು ತೋರಿಸಿವೆ. ಬೇಸಿಗೆಯಲ್ಲಿ ಏಡಿ ಬಿಲದೊಳಗೆ ಸರಿದು ತೇವವಿದ್ದಷ್ಟು ದಿನ ಕಾಯಬಲ್ಲದು. ಕಿವಿರಿನ ಕೋಣೆ ಒದ್ದೆಯಿರುವವರೆಗೆ ಗಾಳಿಯಿಂದಲೂ ಉಸಿರಾಡಬಲ್ಲದು. ಬಿಲದ ತಳವೂ ಒಣಗಿದರೆ ಉಪಾಯವಿಲ್ಲ. ಎತ್ತಿನಹೊಳೆ ಯೋಜನೆಯ ವಾದವಿವಾದಗಳಲ್ಲಿ 24 ಟಿಎಂಸಿ ಸಿಗುತ್ತದೆಯೇ ಇಲ್ಲವೇ ಎಂಬ ಲೆಕ್ಕ ಬಹಳ ನಡೆಯಿತು. ಸಕಲೇಶಪುರದ ಬೆಟ್ಟಗಳಲ್ಲಿ ತಲೆತೊರೆಗಳಿಗೇ ಎಂಟು ಒಡ್ಡು ಕಟ್ಟಿ ನೀರನ್ನು ಪೂರ್ವಕ್ಕೆ ತಿರುಗಿಸುವಾಗ ಒಡ್ಡಿನ ಕೆಳಗಿನ ಕಲ್ಲುಗಳ ನಡುವೆ ಏನಿದೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಎಲ್ಲೂ ಗಟ್ಟಿಯಾಗಿ ಕೇಳಿಸಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ. ಅದಕ್ಕಾಗಿ ಯಾವ ಹಳ್ಳವನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಮೊದಲೇ ತಿಳಿದಿರಬೇಕಾದ್ದೂ ಅಷ್ಟೇ ನಿಜ.

ಮೂರನೆಯದು ತೋಟಗಳಿಂದ ಹಳ್ಳ ಸೇರುವ ಮದ್ದು, ಕೊಳೆ. ಅದರ ಬಗ್ಗೆ ಮಲೆನಾಡಿನವರೇ ಮಾತಾಡಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಮದ್ದು ಹೊಡೆಯುವ ಪದ್ಧತಿಗೆ ಶತಮಾನ ದಾಟಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಧ್ಯಯನ ಮಾಡಿ ಆ ದಾರಿ ತೋರಿಸಿದರು. ಲಕ್ಷಾಂತರ ಕುಟುಂಬಗಳ ಅನ್ನ ಉಳಿಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲಿ ಇರುವುದೂ ತಾಮ್ರವೇ. ಆದರೆ ನೀರಿನಲ್ಲಿ ಕರಗಿದ ತಾಮ್ರ ಮಿತಿ ಮೀರಿದರೆ ಚಿಪ್ಪುಜೀವಿಗಳ ಕಿವಿರು ಹಾಳಾಗಿ ಮೈಯೊಳಗಿನ ಲವಣದ ಸಮತೋಲ ತಪ್ಪುತ್ತದೆ. ಮದ್ದು ಹೊಡೆಯುವುದೂ ಮಳೆಗಾಲದಲ್ಲೇ, ಹಲವು ಏಡಿಗಳ ಮರಿಗಳು ತಾಯಿಯನ್ನು ಬಿಟ್ಟಿಳಿಯುವುದೂ ಅದೇ ಹೊತ್ತಿಗೆ. ಮದ್ದು ಬಿಡಿ ಎಂದು ತೋಟದವರಿಗೆ ಹೇಳುವುದು ನ್ಯಾಯವಲ್ಲ. ಡ್ರಮ್ಮು, ಪೈಪುಗಳನ್ನು ಹಳ್ಳಕ್ಕಿಳಿದು ತೊಳೆಯದಿರುವುದು, ಉಳಿದ ದ್ರಾವಣವನ್ನು ತೋಟದ ಮಣ್ಣಿಗೇ ಸುರಿಯುವುದು, ಹಳ್ಳದ ದಂಡೆಯ ಸಾಲು ಮರಗಳ ಗೊನೆಗಳಿಗಾದರೂ ಮಳೆ ತಡೆಯುವ ಹೊದಿಕೆಯಾದ ಕೊಟ್ಟೆ ಕಟ್ಟುವುದು ಅಸಾಧ್ಯವೇನಲ್ಲ. ಕೊಟ್ಟೆ ಕಟ್ಟುವುದನ್ನು ಅಜ್ಜಂದಿರ ಕಾಲದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರು ಬಲ್ಲವರಾಗಿದ್ದರು. ಕಾಫಿ ಸೀಮೆಯಲ್ಲಿ ಇದೇ ಮಾತು ಪಲ್ಪರ್ ನೀರಿಗೆ ಅನ್ವಯಿಸುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ಹಳ್ಳದಲ್ಲಿ ನೀರು ಇಳಿದಿರುತ್ತದೆ. ಹಣ್ಣಿನ ಸಿಪ್ಪೆ, ಲೋಳೆ ಸೇರಿದ ನೀರು ಅದಕ್ಕೆ ಬಿದ್ದರೆ ಕೊಳೆಯುವ ಕ್ರಿಯೆಯೇ ಆಮ್ಲಜನಕವನ್ನು ಹೀರಿಬಿಡುತ್ತದೆ.

ಏಡಿ ಹಿಡಿದು ತಿನ್ನುವವರನ್ನು ಈ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಮಳೆ ಹಿಡಿದಾಗ ಏಡಿ ಸಾರು ಮಾಡುವುದು, ಶೀತ ಕೆಮ್ಮಿಗೆ ಅದು ಒಳ್ಳೆಯದೆಂದು ಮಕ್ಕಳಿಗೆ ಕುಡಿಸುವುದು ಎಷ್ಟೋ ಮನೆಗಳ ರೂಢಿ. ಕೈಯಲ್ಲಿ ಹಿಡಿದು ಮನೆಗೆ ಬೇಕಾದಷ್ಟು ತರುವವರು ಹಳ್ಳದ ಗುಣವನ್ನು ಯಾವ ಸಮೀಕ್ಷೆಗಿಂತ ಚೆನ್ನಾಗಿ ಬಲ್ಲರು. (ಚೆನ್ನಾಗಿ ಬೇಯಿಸಬೇಕು ಎಂಬುದು ಮಾತ್ರ ಕಡ್ಡಾಯ, ಅರೆಬೆಂದ ಸಿಹಿನೀರಿನ ಏಡಿಯಿಂದ ಶ್ವಾಸಕೋಶಕ್ಕೆ ಸೇರುವ ಪರೋಪಜೀವಿ ಹುಳು ಈಶಾನ್ಯ ರಾಜ್ಯಗಳಲ್ಲಿ ಕಾಡಿದೆ.) ಹಾನಿ ಮಾಡುವವರು ಬೇರೆ. ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುವವರು, ತೋಟೆ ಸಿಡಿಸುವವರು ಒಂದೇ ಗಂಟೆಯಲ್ಲಿ ಫರ್ಲಾಂಗುಗಟ್ಟಲೆ ಹಳ್ಳವನ್ನು ನಿರ್ಜೀವ ಮಾಡುತ್ತಾರೆ. ಅಗಲವಾಗಿ ಹಬ್ಬಿದ ಪ್ರಭೇದ ಅಂಥ ಹೊಡೆತದಿಂದ ಚೇತರಿಸಿಕೊಳ್ಳುತ್ತದೆ, ಪಕ್ಕದಿಂದ ಬಂದು ತುಂಬಿಕೊಳ್ಳುತ್ತದೆ. ಒಂದೇ ಹಳ್ಳದ ಪ್ರಭೇದಕ್ಕೆ ಪಕ್ಕ ಎಂಬುದೇ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕೆಲವು ತೊರೆಗಳ ಪಾತ್ರವೇ ಅಳಿಸಿಹೋಯಿತು. ಅಲ್ಲಿ ಯಾವ ಏಡಿಗಳಿದ್ದವು ಎಂದು ಮೊದಲೇ ಬರೆದಿಟ್ಟಿದ್ದರೆ ಇಂದು ಹೋಗಿ ಹೋಲಿಸಿ ನೋಡಬಹುದಿತ್ತು.

ಇಷ್ಟು ಸಣ್ಣ ನೆಲೆಯ ಜೀವಿಯನ್ನು ಉಳಿಸಿಕೊಳ್ಳಬಹುದೇ ಎಂದರೆ ಸಿಂಗಪುರದತ್ತ ನೋಡಬೇಕು. ಜೊಹೊರಾ ಸಿಂಗಪೊರೆನ್ಸಿಸ್ ಎಂಬ, ಮೂರು ಸೆಂಟಿಮೀಟರ್ ಅಗಲ ಮೀರದ ಏಡಿಯನ್ನು ಪೀಟರ್ ಎನ್‌ಜಿ 1986ರಲ್ಲಿ ವರ್ಣಿಸಿದರು. ಅದು ಇರುವುದು ಆ ನಗರ ರಾಷ್ಟ್ರದ ಬುಕಿಟ್ ತಿಮಾ ಮತ್ತು ಆಸುಪಾಸಿನ ಕೆಲವು ಗುಡ್ಡಗಳ ತೊರೆಗಳಲ್ಲಿ ಮಾತ್ರ. 2012ರಲ್ಲಿ ಪ್ರಕಟವಾದ, ಜಗತ್ತಿನ ಅತ್ಯಂತ ಅಪಾಯದಲ್ಲಿರುವ 100 ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿತು. ಮೊದಲು ಸಿಕ್ಕಿದ್ದ ತೊರೆ ಮೀಸಲು ಕಾಡಿನೊಳಗೇ ಇದ್ದರೂ ಅಲ್ಲಿ ಸಂಖ್ಯೆ ಕುಸಿದಿತ್ತು. ನೀರು ಆಮ್ಲೀಯವಾದದ್ದು ಕಾರಣವಿರಬೇಕೆಂದು ಶಂಕಿಸಲಾಯಿತು. ಬೇಲಿ ಹಾಕಿದ ಮಾತ್ರಕ್ಕೆ ನೀರಿನ ಗುಣ ಉಳಿಯುವುದಿಲ್ಲ ಎಂಬ ಪಾಠ ಅದು. 2014ರಲ್ಲಿ ಸರ್ಕಾರದ ಉದ್ಯಾನ ಮಂಡಳಿ, ವಿಶ್ವವಿದ್ಯಾಲಯ, ಮೃಗಾಲಯ ಒಂದೇ ಮೇಜಿನ ಸುತ್ತ ಕುಳಿತು ಈ ಒಂದು ಏಡಿಗಾಗಿ ಯೋಜನೆ ಮಾಡಿದವು. ಸಾಕುನೆಲೆಯಲ್ಲಿ ಮರಿ ಮಾಡಿಸಿ, ಬೆಳೆಸಿ, ತೊರೆಗೆ ಬಿಡುವ ಕೆಲಸ ನಡೆಯಿತು.

ನಮ್ಮ ಮಗ್ಗುಲಲ್ಲೇ ಇನ್ನೂ ಹತ್ತಿರದ, ಇನ್ನೂ ಅಗ್ಗದ ಮಾದರಿಯಿದೆ. ಬೆಳಗಾವಿ ಜಿಲ್ಲೆಗೆ ಹರಿದುಬಂದು ಘಟಪ್ರಭೆ ಸೇರುವ ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಅಲ್ಲಿನ ದೇವಸ್ಥಾನದ ಕೊಳದಲ್ಲಿ ಸಿಕ್ಕ ಪುಟ್ಟ ಮೀನಿಗೆ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಟ್ಟರು. ಹೆಸರಿಟ್ಟವರಲ್ಲಿ ಏಡಿಗಳ ಮೇಲೆ ಕೆಲಸ ಮಾಡಿದ ತೇಜಸ್ ಠಾಕ್ರೆಯವರೂ ಇದ್ದರು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ 2.11 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಅಭಯಾರಣ್ಯ ಬೇಕಾಗಲಿಲ್ಲ, ಯಾರನ್ನೂ ಒಕ್ಕಲೆಬ್ಬಿಸಲಿಲ್ಲ. ಇಂಥ ತಾಣಗಳ ವಿಷಯದಲ್ಲಿ ದೇಶಕ್ಕೆ ಮೊದಲ ಹೆಜ್ಜೆ ತೋರಿಸಿದ್ದೇ ಕರ್ನಾಟಕ: 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು, ಆಮೇಲೆ ಸಾಗರ ತಾಲ್ಲೂಕಿನ ಅಂಬಾರಗುಡ್ಡ. ಒಂದು ತೊರೆಯನ್ನೇ, ಅದರ ತಲೆಯ ಕಾಡನ್ನೂ ಸೇರಿಸಿ, ಏಡಿಗಳ ಹೆಸರಿನಲ್ಲಿ ಘೋಷಿಸಲು ನಮಗೆ ಯಾವ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ಸಾಕು. ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ. ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವರ ಮೀನುಗಳೆಂದು ಹೊಳೆಯ ಒಂದು ತುಂಡನ್ನು ಕಾದುಕೊಂಡು ಬಂದ ಜನರಿಗೆ ಈ ಕಲ್ಪನೆ ಹೊಸದಾಗಿಯೂ ತೋರದು.

ಅದೇ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲಾತಿ ಪುಸ್ತಕವೂ ಇರಬೇಕು. ಮಲೆನಾಡಿನ ಪಂಚಾಯಿತಿಗಳು ಆ ಪುಸ್ತಕದಲ್ಲಿ ಏಡಿಗಳಿಗೆ ಒಂದು ಪುಟ ತೆರೆಯಲಿ. ಬೇಕಾದ ವಿವರಗಳು ಕೆಲವೇ: ಹಳ್ಳದ ಹೆಸರು, ಯಾವ ತಿಂಗಳು, ಏಡಿ ನೀರಿನಲ್ಲಿತ್ತೇ ಪೊಟರೆಯಲ್ಲಿತ್ತೇ ಬಿಲದಲ್ಲಿತ್ತೇ, ಬೆನ್ನಿನ ಒಂದು ಚಿತ್ರ, ಮುಖದ ಒಂದು ಚಿತ್ರ, ಆ ಹಳ್ಳ ಯಾವ ತಿಂಗಳು ಬತ್ತುತ್ತದೆ. ಹೊಟ್ಟೆಯಡಿ ಮರಿಯಿರುವ ತಾಯಿಯನ್ನು ಎತ್ತಬಾರದು, ಕಲ್ಲು ಮಗುಚಿದರೆ ಇದ್ದಂತೆಯೇ ಇಡಬೇಕು. ಬಣ್ಣದ ಏಡಿಗಳಿಗೆ ಅಕ್ವೇರಿಯಂ ವ್ಯಾಪಾರದ ಕಣ್ಣೂ ಇರುವುದರಿಂದ ನಿಖರ ಜಾಗವನ್ನು ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕದೆ ಸಮಿತಿಗೆ ಮತ್ತು ಪ್ರಾಣಿ ಸರ್ವೇಕ್ಷಣಾಲಯಕ್ಕೆ ಮಾತ್ರ ತಿಳಿಸಬೇಕು. ಘಾಟಿಯಾನ ದ್ವಿವರ್ಣ ಬೆಳಕಿಗೆ ಬಂದದ್ದು ಆ ಕಾಡನ್ನು ದಿನವೂ ಬಲ್ಲವರಿಂದ. ಅಂಥವರು ಘಟ್ಟದ ಪ್ರತಿ ಊರಿನಲ್ಲೂ ಇದ್ದಾರೆ. ಅವರು ನೋಡಿದ್ದನ್ನು ಬರೆದುಕೊಳ್ಳುವ ಕೆಲಸ ಪಂಚಾಯಿತಿಯದು.